ಖಾಲಿ ಗಾಡಿಯ ನಾಲ್ಕು ಬೆರಳು

ಎರಡು ವರ್ಷದ ಹಿಂದಿನ ಮಾತು. ನಾನಾಗ ಲಿಂಗಸುಗೂರಿನ ಒಂದು ಐ.ಟಿ.ಐ.ಯಲ್ಲಿ ಮೋಟಾರ್ ಮೆಕ್ಯಾನಿಕ್ ವಿಭಾಗದ ಹಿರಿಯ ಬೋಧಕ. ನಿವೃತ್ತಿಗೆ ಹದಿನಾಲ್ಕು ತಿಂಗಳು ಉಳಿದಿತ್ತು. ಮನೆ ಸಿಂಧನೂರಿನಲ್ಲಿ. ಬೆಳಿಗ್ಗೆ ಏಳೂವರೆಯ ಬಸ್ಸು ಹಿಡಿದು ಮಸ್ಕಿ ಮೇಲೆ ಲಿಂಗಸುಗೂರಿಗೆ ಹೋಗುವುದು, ಸಂಜೆ ಅದೇ ದಾರಿಯಲ್ಲಿ ವಾಪಸು ಬರುವುದು. ಇಪ್ಪತ್ತೊಂಬತ್ತು ವರ್ಷ ಇದೇ ಆಯಿತು. ಈ ಮೂರು ಊರಿನ ಯಾವ ಗ್ಯಾರೇಜಿಗೆ ಹೋದರೂ ಒಬ್ಬನಾದರೂ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು "ನಮಸ್ಕಾರ್ರಿ ಸರ" ಅನ್ನುತ್ತಿದ್ದ. ಆ ನಮಸ್ಕಾರ ನನ್ನ ತಲೆಗೆ ಏರಿತ್ತು. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಮುಂದಿನದು ಹೇಳಲು ಅನುಕೂಲ.

ನನಗೆ ಸಿಟ್ಟು ಬೇಗ. ಅದರಲ್ಲೂ ಅಂದಾಜಿನ ಕೆಲಸ ಕಂಡರೆ ಮೈ ಉರಿಯುತ್ತಿತ್ತು. ಬಂಪರಿಗೆ ತಂತಿ ಬಿಗಿದವನು, ರಬ್ಬರ್ ಬುಷ್ ಇರಬೇಕಾದಲ್ಲಿ ಹಳೇ ಚಪ್ಪಲಿ ಕತ್ತರಿಸಿ ತುರುಕಿದವನು, "ಸರ, ನಡೀತೈತ್ರಿ" ಅಂದವನು, ಎಲ್ಲರಿಗೂ ನನ್ನಿಂದ ಬೈಗುಳ ಗ್ಯಾರಂಟಿ. ಬೋರ್ಡಿನ ಮೇಲಿನ ಮೂಲೆಯಲ್ಲಿ ಬಿಳಿ ಬಣ್ಣದಲ್ಲಿ ಬರೆಸಿದ್ದೆ: ಮೊದಲು ಅಳೆ, ಆಮೇಲೆ ಮುಟ್ಟು. ಹುಡುಗರು ಬೆನ್ನ ಹಿಂದೆ ನನ್ನನ್ನು "ಅಳತಿ ಸರ" ಅನ್ನುತ್ತಿದ್ದರು. ಗೊತ್ತಿದ್ದೂ ಗೊತ್ತಿಲ್ಲದವನಂತೆ ಇರುತ್ತಿದ್ದೆ, ಯಾಕೆಂದರೆ ಒಳಗೊಳಗೇ ಆ ಹೆಸರು ನನಗೆ ಇಷ್ಟವಾಗಿತ್ತು.

ಬೇಸಿಗೆ ಭತ್ತದ ಕೊಯ್ಲು ಮುಗಿದಿತ್ತು. ಒಂದು ಭಾನುವಾರ ಮಧ್ಯಾಹ್ನ ನಮ್ಮ ಗಲ್ಲಿಯ ಖಾಜಾಹುಸೇನ ತನ್ನ ಪಿಕಪ್ ತಂದು ನನ್ನ ಮನೆ ಮುಂದೆ ನಿಲ್ಲಿಸಿದ. ಖಾಜಾ ನನ್ನ ಹಳೇ ವಿದ್ಯಾರ್ಥಿ. ತುರ್ವಿಹಾಳದ ಹತ್ತಿರ ಅವರದು ಸ್ವಲ್ಪ ಗದ್ದೆ ಇದೆ. ಉಳಿದ ಹೊತ್ತು ಬಾಡಿಗೆ ಹೊಡೆಯುತ್ತಾನೆ. ಜೊತೆಗೆ ಅವನ ತಾಯಿ ಹುಸೇನಬಿಯೂ ಬಂದಿದ್ದರು. ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವರು, ಮಾತು ಕಡಿಮೆ, ಕಣ್ಣು ಚುರುಕು. ಬಂದವರೇ ನನ್ನ ಹೆಂಡತಿಯ ಪಕ್ಕ ಕಟ್ಟೆಯ ಮೇಲೆ ಕೂತರು.

ಗಾಡಿಗೆ ಆಗಿದ್ದು ದೊಡ್ಡ ರೋಗವೇನೂ ಅಲ್ಲ. ಹಿಂದಿನ ಎಡಗಾಲಿಯ ಮೇಲೆ, ಬಾಡಿಯ ಹೊರಮೈಗೆ, ಕಮಾನಿನಂತೆ ಒಂದು ಕಪ್ಪು ಪ್ಲಾಸ್ಟಿಕ್ ಪಟ್ಟಿ ಕೂತಿರುತ್ತದೆ. ಇಂಥ ಹೊರ ಅಲಂಕಾರದ ಭಾಗಗಳಿಗೆ ನಾವು ಟ್ರಿಮ್ ಅನ್ನುತ್ತೇವೆ. ಕೆಸರು ಸಿಡಿಯದಂತೆ ತಡೆಯುವುದು, ನೋಡಲು ಚಂದ ಕಾಣುವುದು, ಇಷ್ಟೇ ಅದರ ಕೆಲಸ. ಗದ್ದೆ ಕೆಸರು ಮಾಡಲು ಟ್ರ್ಯಾಕ್ಟರಿಗೆ ಹಾಕುವ ಕಬ್ಬಿಣದ ಚಕ್ರವನ್ನು ಇಳಿಸುವಾಗ ಅದು ಜಾರಿ ಈ ಪಟ್ಟಿಯ ಮೇಲೆ ಬಿದ್ದಿತ್ತು. ಒಳಗಿನ ಆರು ಪ್ಲಾಸ್ಟಿಕ್ ಕ್ಲಿಪ್ಪು ಪುಡಿಯಾಗಿ, ಪಟ್ಟಿ ಒಂದು ತುದಿಯಲ್ಲಿ ಜೋತು ಬಿದ್ದು ಗಾಳಿಗೆ ಫಟಫಟ ಬಡಿಯುತ್ತಿತ್ತು.

"ಸರ, ನಾಳೆ ತಮ್ಮನ ಮಂಗ್ನಿ ಐತ್ರಿ, ಲಿಂಗಸುಗೂರಾಗ. ಬೀಗರ ಮನಿ ಮುಂದ ಹಿಂಗ ಬಡಕೋಂತ ಹೋದ್ರ ಮರ್ಯಾದಿ ಏನು ಉಳೀತೈತ್ರಿ?" ಅಂದ.

ಮಂಗ್ನಿ ಅಂದರೆ ನಿಶ್ಚಿತಾರ್ಥ. ಗಂಡಿನ ಕಡೆಯ ಹೆಂಗಸರು ಸಕ್ಕರೆ, ಉತ್ತುತ್ತಿ, ಬಟ್ಟೆಯ ತಾಟುಗಳನ್ನು ಕೆಂಪು ವಸ್ತ್ರ ಮುಚ್ಚಿ ಹೊತ್ತು ಒಟ್ಟಿಗೇ ಹೆಣ್ಣಿನ ಮನೆಗೆ ಹೋಗಬೇಕು. ತಾಟು ಬೇರೆ, ಮಂದಿ ಬೇರೆ ಆಗಬಾರದು ಎಂಬುದು ಅವರ ಮನೆಯ ಪದ್ಧತಿ. ಹಾಗಾಗಿ ಎಲ್ಲರೂ ಪಿಕಪ್ಪಿನಲ್ಲೇ ಹೊರಡುವವರಿದ್ದರು. ಸರಕು ಗಾಡಿಯಲ್ಲಿ ಮಂದಿ ಕೂಡಿಸುವುದು ಕಾನೂನಿಗೆ ವಿರುದ್ಧ. ಅದನ್ನು ತರಗತಿಯಲ್ಲಿ ಗಂಟಲು ಹರಿದುಕೊಂಡು ಹೇಳುವವನು ನಾನು. ಅವತ್ತು ಶುಭಕಾರ್ಯಕ್ಕೆ ಯಾಕೆ ಅಡ್ಡಬಾಯಿ ಹಾಕಲಿ ಅಂತ ಸುಮ್ಮನಾದೆ. ಮೊದಲ ತಪ್ಪು ಅದು.

ಕಂಪನಿಯ ಕ್ಲಿಪ್ಪು ಸಿಂಧನೂರಿನಲ್ಲಿ ಸಿಗಲಿಲ್ಲ, ರಾಯಚೂರಿನಿಂದ ತರಿಸಲು ಎರಡು ದಿನ ಬೇಕು ಅಂದರಂತೆ. "ಕ್ಲಿಪ್ಪು ಬಂದಾಗ ಬರಲಿ, ಇದನ್ನ ನಾನು ಮಾಡ್ತೀನಿ ತಗೋ" ಅಂದೆ. ಮಾಳಿಗೆಯ ಮೇಲೆ ತಗಡು ಹಾಕಿಸಿದಾಗ ಉಳಿದಿದ್ದ ಸ್ಕ್ರೂ ಮನೆಯಲ್ಲಿದ್ದವು. ಎರಡಿಂಚು ಉದ್ದ, ತುದಿ ಚೂಪು, ತಾವೇ ತಗಡು ಕೊರೆದುಕೊಂಡು ಒಳಗೆ ಹೋಗುವಂಥವು. ತಲೆಯ ಕೆಳಗೆ ರಬ್ಬರ್ ವಾಷರ್ ಬೇರೆ. ನಮ್ಮ ಕಡೆ ಈ ತಗಡಿನ ಸ್ಕ್ರೂ ಹೋಗದ ಜಾಗವಿಲ್ಲ. ಬಾಗಿಲಿಗೂ ಅದೇ, ಕೋಳಿಗೂಡಿಗೂ ಅದೇ. ಚಿಕ್ಕ ಸ್ಕ್ರೂ ಕಾಲುವೆ ದಂಡೆಯ ದಾರಿಯಲ್ಲಿ ಅದುರಿ ಬಿಚ್ಚಿಕೊಳ್ಳುತ್ತದೆ, ಉದ್ದದ್ದು ಕಚ್ಚಿ ಹಿಡಿಯುತ್ತದೆ ಎಂದು ಖಾಜಾನಿಗೆ ವಿವರಿಸಿದೆ. ಅವನು ತಲೆ ಆಡಿಸಿದ.

ಹಾಗಂತ ಕಣ್ಣು ಮುಚ್ಚಿ ಕೆಲಸ ಮಾಡಲಿಲ್ಲ. ಪಟ್ಟಿ ತೊಳೆದೆ, ಒಣಗಿಸಿದೆ, ಅಂಚು ಸರಿಯಾಗಿ ಕೂಡಿಸಿ ಆರು ಕಡೆ ಗುರುತು ಹಾಕಿದೆ. ಸ್ಕ್ರೂ ಬಿಗಿದ ಮೇಲೆ ಗಾಲಿಯ ಗೂಡಿನೊಳಗೆ ಕೈ ಹಾಕಿ ನೋಡಿದೆ. ಆರು ಮೊನೆಗಳೂ ಒಳಗೆ ಒಂದೂವರೆ ಇಂಚು ಚಾಚಿಕೊಂಡಿದ್ದವು. ಟೈರು ಅವುಗಳಿಗಿಂತ ಕೆಳಗಿತ್ತು. ನಡುವೆ ಬೆರಳಿಟ್ಟು ಅಳೆದೆ: ನಾಲ್ಕು ಬೆರಳು. ಅಂದರೆ ಹೆಚ್ಚುಕಡಿಮೆ ಮೂರು ಇಂಚು. ಸಮಾಧಾನವಾಯಿತು.

ಕಟ್ಟೆಯ ಮೇಲಿಂದ ಹುಸೇನಬಿ ಕೇಳಿದರು: "ಮಾಸ್ತರ, ಮೊಳಿ ಉದ್ದ ಆಗಂಗಿಲ್ಲೇನ್ರಿ?"

"ನಾಕು ಬೆರಳು ಜಾಗ ಐತಿ, ಅಳದೀನಿ ಬಿಡಕ್ಕಾ" ಅಂದೆ. ಅಂದ ಧಾಟಿ ಚೆನ್ನಾಗಿರಲಿಲ್ಲ. ಇಪ್ಪತ್ತೊಂಬತ್ತು ವರ್ಷ ಪಾಠ ಹೇಳಿದವನಿಗೆ ಈಕೆ ಏನು ಹೇಳುವುದು ಎನ್ನುವ ಧಾಟಿ ಅದು.

ಖಾಜಾ ಪಟ್ಟಿಯನ್ನು ಎರಡೂ ಕೈಯಿಂದ ಜಗ್ಗಿ ನೋಡಿದ, ಅಲುಗಾಡಲಿಲ್ಲ. "ಸರ ಅಂದ್ರ ಸರಽ" ಅಂದ. ಚಹಾ ಕುಡಿದು ಹೋದರು. ಅವತ್ತು ರಾತ್ರಿ ಊಟ ನನಗೆ ರುಚಿಸಿತು, ನಿದ್ದೆಯೂ ಚೆನ್ನಾಗಿ ಬಂತು.

ಮರುದಿನ ಸೋಮವಾರ. ಹನ್ನೊಂದರ ಪೀರಿಯಡ್ಡಿನಲ್ಲಿ ಸಸ್ಪೆನ್ಷನ್ ಪಾಠ, ಅಂದರೆ ಗಾಲಿಗೂ ಬಾಡಿಗೂ ನಡುವೆ ಇದ್ದು ಕುಲುಕಾಟ ನುಂಗುವ ವ್ಯವಸ್ಥೆ. ಪಿಕಪ್ಪಿನಂಥ ಗಾಡಿಯ ಹಿಂಭಾಗಕ್ಕೆ ಲೀಫ್ ಸ್ಪ್ರಿಂಗ್ ಇರುತ್ತದೆ. ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ್ದು. ಬೋರ್ಡಿನ ಮೇಲೆ ಚಿತ್ರ ಬರೆದೆ. ಈ ಪಾಠ ನನಗೆ ಬಾಯಿಪಾಠ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ.

"ಗಾಡಿ ಖಾಲಿ ಇದ್ದಾಗ ಸ್ಪ್ರಿಂಗು ಹಿಂಗ ಬಾಗಿರತೈತಿ. ಲೋಡ ಬಿದ್ದ ಕೂಡಲೇ ಸಪಾಟ ಆಗತೈತಿ. ಬಾಡಿ ಕೆಳಗ ಬರತೈತಿ, ಗಾಲಿ ಗೂಡಿನ್ಯಾಗ ಮ್ಯಾಲ ಹೋಗತೈತಿ. ಎಷ್ಟು ಮ್ಯಾಲ? ಎರಡೂವರಿ, ಮೂರು ಇಂಚು. ತೆಗ್ಗು ಬಿದ್ರ ಇನ್ನೂ ಒಂದಿಂಚು. ಬರಕೋರಿ."

ಹುಡುಗರು ಬಗ್ಗಿ ಬರೆದುಕೊಳ್ಳತೊಡಗಿದರು. ನಾನು ಬೋರ್ಡಿಗೆ ಮುಖ ಮಾಡಿ, ಬರೆದ ಅಂಕಿಯನ್ನು ನೋಡುತ್ತ ನಿಂತೆ. ಮೂರು ಇಂಚು. ನಾಲ್ಕು ಬೆರಳು.

ಸುಳ್ಳಲ್ಲ, ಕೈಯಲ್ಲಿದ್ದ ಸೀಮೆಸುಣ್ಣ ಬಿದ್ದು ಎರಡು ತುಂಡಾಯಿತು. ನಾನು ಅಳೆದದ್ದು ಖಾಲಿ ಗಾಡಿಯನ್ನು! ಗಾಡಿ ಖಾಲಿ ಇದ್ದಾಗ ಮೊನೆಗೂ ಟೈರಿಗೂ ನಾಲ್ಕು ಬೆರಳು. ಮಂದಿ ಹತ್ತಿ ಕೂತ ಮೇಲೆ? ಇಷ್ಟು ವರ್ಷ ಬೇರೆಯವರಿಗೆ ಬರಕೋರಿ, ಬರಕೋರಿ ಅಂದವನು, ನನ್ನ ಮನೆ ಮುಂದೆ, ಹಾಡುಹಗಲಲ್ಲಿ, ನನ್ನ ಕೈಯಾರೆ ಆರು ಚೂಪು ಮೊಳೆಗಳನ್ನು ಟೈರಿನ ದಾರಿಗೆ ಅಡ್ಡ ನೆಟ್ಟಿದ್ದೆ. ಅಯ್ಯೋ ನನ್ನ ಬುದ್ಧಿಗಿಷ್ಟು!

ವರಾಂಡಕ್ಕೆ ಬಂದು ಖಾಜಾನಿಗೆ ಫೋನು ಹಚ್ಚಿದೆ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಹಚ್ಚಿದೆ. ಆರು ಸಲ. ಎತ್ತುವುದಿಲ್ಲ ಅಂತ ನನಗೆ ಗೊತ್ತಿತ್ತು. ಸ್ಟೇರಿಂಗ್ ಹಿಡಿದಾಗ ಫೋನು ಮುಟ್ಟಿದರೆ ಕೈ ಮುರೀತೀನಿ ಅಂತ ಅವನಿಗೆ ಕಲಿಸಿದವನು ನಾನೇ. ನಾ ಹೇಳಿದ್ದನ್ನು ಪಾಲಿಸುವ ಹುಡುಗ ಅವನು.

ಮನೆಗೆ ಫೋನು ಮಾಡಿದೆ. ಹೆಂಡತಿ ಎತ್ತಿದಳು. "ಹತ್ತಕ್ಕಽ ಹೋಗ್ಯಾರಲ್ರಿ. ಹದಿನಾಕು ಮಂದಿ ಹೆಂಗಸರು. ಬೀಗರ ಮನೀಗೆ ಅಂತ ನಾಕು ಚೀಲ ಸೋನಾಮಸೂರಿ ಅಕ್ಕೀನೂ ಏರಿಸ್ಯಾರ. ಯಾಕ್ರೀ, ದನಿ ಯಾಕ ಹಿಂಗ ಆಗೇತಿ?" ಅಂದಳು. ಫೋನು ಇಟ್ಟುಬಿಟ್ಟೆ. ಹದಿನಾಲ್ಕು ಮಂದಿ, ನಾಲ್ಕು ಚೀಲ. ಹತ್ತು ಕ್ವಿಂಟಲ್ಲಿಗೆ ಹತ್ತಿರ. ಲೆಕ್ಕ ಬೇಡವೆಂದರೂ ತಲೆಯೊಳಗೆ ತಾನೇ ನಡೆಯುತ್ತಿತ್ತು.

ಎಲೆಕ್ಟ್ರಿಷಿಯನ್ ವಿಭಾಗದ ಸಹೋದ್ಯೋಗಿಯ ಮೋಟಾರ್ ಸೈಕಲ್ಲಿನ ಚಾವಿ ಕಸಿದುಕೊಂಡೆ ಅಂದರೂ ತಪ್ಪಲ್ಲ. ಮಸ್ಕಿ ರಸ್ತೆ ಹಿಡಿದೆ. ಬಿಸಿಲು ಮೇಲಿಂದ ಸುರಿಯುತ್ತಿತ್ತು. ಎರಡೂ ಕಡೆ ಕೊಯ್ದುಬಿಟ್ಟ ತೊಗರಿ ಹೊಲ, ಕರಿ ಮಣ್ಣಿನ ಬಿರುಕು. ಎದುರಿಗೆ ಬರುವ ಪ್ರತಿಯೊಂದು ಪಿಕಪ್ ಕಂಡಾಗ ಜೀವ ಬಾಯಿಗೆ ಬರುತ್ತಿತ್ತು. ಅದಲ್ಲ ಅಂತ ಗೊತ್ತಾದ ಮೇಲೆ ಇನ್ನೂ ಹೆಚ್ಚು ಹೆದರಿಕೆ. ಎಲ್ಲಿ ಮಂದಿ ಗುಂಪುಗೂಡಿರುವುದು ಕಾಣುತ್ತದೋ, ಎಲ್ಲಿ ಕೆಂಪು ವಸ್ತ್ರ ರಸ್ತೆಯ ಮೇಲೆ ಬಿದ್ದಿರುತ್ತದೋ ಅಂತ ಕಣ್ಣು ಅದನ್ನೇ ಹುಡುಕುತ್ತಿತ್ತು. ತುಂಬಿದ ಗಾಡಿ ಅರವತ್ತರ ವೇಗದಲ್ಲಿದ್ದಾಗ ಹಿಂದಿನ ಟೈರು ಸಿಡಿದರೆ ಏನಾಗುತ್ತದೆ ಅಂತ ನಾನು ಹೇಳಬೇಕಾಗಿಲ್ಲ. ಮೇಲೆ ಕೂತವರಿಗೆ ಹಿಡಿದುಕೊಳ್ಳಲು ತಾಟು ಬಿಟ್ಟರೆ ಬೇರೇನೂ ಇರಲಿಲ್ಲ.

ಹದಿನಾಲ್ಕು ಕಿಲೋಮೀಟರ್ ಆದ ಮೇಲೆ ಕಂಡರು. ಗಾಡಿ ನಿಧಾನವಾಗಿ, ಎತ್ತಿನ ಬಂಡಿಗಿಂತ ಸ್ವಲ್ಪ ಜೋರಾಗಿ ಬರುತ್ತಿತ್ತು. ನಾನು ರಸ್ತೆಯ ನಡುವೆ ಮೋಟಾರ್ ಸೈಕಲ್ ನಿಲ್ಲಿಸಿ ಎರಡೂ ಕೈ ಎತ್ತಿದೆ. ಖಾಜಾ ಬ್ರೇಕು ಹಾಕಿ ತಲೆ ಹೊರಗೆ ಹಾಕಿದ. "ಸರ! ನೀವಿಲ್ಲಿ? ಏನಾತ್ರಿ?"

"ಇಳಸಲೇ ಎಲ್ಲಾರನೂ. ಈಗಿಂದೀಗ ಇಳಸು" ಅಂದೆ. ಕೂಗಿದೆನೋ ಅತ್ತೆನೋ ನೆನಪಿಲ್ಲ.

ಎಲ್ಲರನ್ನೂ ಬೇವಿನ ಮರದ ನೆರಳಿಗೆ ಕಳಿಸಿ ಎಡಗಾಲಿಯ ಬಳಿ ಮಂಡಿಯೂರಿದೆ. ಹುಡುಕುವ ಅಗತ್ಯವೇ ಇರಲಿಲ್ಲ. ಟೈರಿನ ಹೊರ ಬದಿಯಲ್ಲಿ ಸುತ್ತಲೂ ಮೂರು ಗೆರೆ ಕೊರೆದಿದ್ದವು. ಎರಡು ಮೇಲುಮೇಲಿನವು. ಮೂರನೆಯದರಲ್ಲಿ ನನ್ನ ಉಗುರು ಪೂರ್ತಿ ಇಳಿಯಿತು. ರಬ್ಬರು ಕಡಿದು ಒಳಗಿನ ಬಿಳಿ ದಾರ ಹೊರಗೆ ಬಂದಿತ್ತು. ಟೈರಿಗೆ ಬಲ ಕೊಡುವುದೇ ಆ ದಾರದ ಪದರ. ಪಕ್ಕದಲ್ಲಿ ಹೆಬ್ಬೆಟ್ಟಿನಷ್ಟು ಉಬ್ಬು. ಮುಟ್ಟಿದರೆ ಮೆತ್ತಗಿತ್ತು. ಗೂಡಿನೊಳಗೆ ನನ್ನ ಮೊನೆಗಳು ಉಜ್ಜಿ ಉಜ್ಜಿ ಬೆಳ್ಳಿಯಂತೆ ಹೊಳೆಯುತ್ತಿದ್ದವು. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

"ಮಸ್ಕಿ ದಾಟಿದ ಮ್ಯಾಲ ಖರ್ರ್ ಖರ್ರ್ ಅನ್ನಾಕತ್ತಿತ್ರಿ" ಅಂದ ಖಾಜಾ. "ಕಲ್ಲು ಸಿಕ್ಕೈತಿ ಅಂದ್ಕೊಂಡೆ. ಅಮ್ಮಾ ಸುಮ್ಮಕಿರಲಿಲ್ಲ. ಹಿಂದಿನಿಂದ ಕ್ಯಾಬಿನ್ ಬಡದು ಬಡದು, ಸಾವಕಾಶ ಹೋಗು, ಸಾವಕಾಶ ಹೋಗು ಅಂದ್ಲು. ಅದಕ್ಕ ಇಪ್ಪತ್ತರಾಗ ಬರಾಕತ್ತಿದ್ದೆ."

ಇಪ್ಪತ್ತರ ವೇಗ ಅವರನ್ನು ಉಳಿಸಿತ್ತು. ನಾನಲ್ಲ, ನನ್ನ ವಿದ್ಯೆಯಲ್ಲ. ಕಟ್ಟೆಯ ಮೇಲಿಂದ ಒಂದೇ ಪ್ರಶ್ನೆ ಕೇಳಿ, ಗದರಿಸಿಕೊಂಡು ಸುಮ್ಮನಾದ ಹೆಂಗಸಿನ ಕಿವಿ.

ಆದರೆ ಮುಂದೆ ಆದದ್ದು ಇದಕ್ಕಿಂತ ಕಷ್ಟದ್ದು. ಖಾಜಾ ನನ್ನ ಎರಡೂ ಕೈ ಹಿಡಿದುಕೊಂಡ. "ಸರ, ನೀವು ಬರಲಿಲ್ಲಂದ್ರ ಏನ್ ಗತಿ ಇತ್ರಿ ನಮ್ದು! ತಪ್ಪು ನಂದಽ. ಇಷ್ಟು ಲೋಡ ಮಾಡಬಾರದಿತ್ತು" ಅಂದ. ಮರದ ಕೆಳಗಿನ ಹೆಂಗಸರು ಒಬ್ಬೊಬ್ಬರಾಗಿ ಬಂದು ನನಗೆ ದುವಾ ಕೊಡತೊಡಗಿದರು. ನಿಮ್ಮ ಮಕ್ಕಳು ಮರಿ ಚಲೋ ಇರ್ಲಿ, ನಿಮ್ಮ ಕೈಗೆ ದೇವರು ಬರಕತ್ತು ಕೊಡ್ಲಿ. ನನ್ನ ಕೈಗೆ! ಹುಸೇನಬಿ ಒಂದು ತಾಟಿನ ಕೆಂಪು ವಸ್ತ್ರ ಸರಿಸಿ, ಹೆಣ್ಣಿನ ಮನೆಗೆಂದು ಇಟ್ಟಿದ್ದ ಸಕ್ಕರೆಯಲ್ಲಿ ಒಂದು ಚಿಟಿಕೆ ತೆಗೆದು ನನ್ನ ಬಾಯಿಗೆ ಹಾಕಿದರು.

ನಾನು ಸುಮ್ಮನಿದ್ದುಬಿಡಬಹುದಿತ್ತು. ಖಾಜಾ ತಪ್ಪನ್ನು ತಾನೇ ತಲೆಯ ಮೇಲೆ ಹೊತ್ತುಕೊಂಡಿದ್ದ. ಲೋಡು ಹೆಚ್ಚಾಗಿದ್ದೂ ನಿಜ. ಮೂರೂ ಊರಿನಲ್ಲಿ "ಅಳತಿ ಸರ ಹದಿನಾಕು ಜೀವ ಉಳಿಸ್ಯಾರ" ಅಂತ ಸುದ್ದಿಯಾಗುತ್ತಿತ್ತು, ನಿವೃತ್ತಿಯ ಸಮಾರಂಭದಲ್ಲಿ ಯಾರಾದರೂ ಅದನ್ನು ಭಾಷಣದಲ್ಲಿ ಹೇಳುತ್ತಿದ್ದರು. ಈ ಲೆಕ್ಕವೆಲ್ಲ ಆ ಅರೆಕ್ಷಣದಲ್ಲಿ ನನ್ನ ತಲೆಗೆ ಬಂದಿತು ಅನ್ನುವುದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಬಾಯೊಳಗಿನ ಸಕ್ಕರೆ ಕರಗುವ ಮೊದಲೇ ಹುಸೇನಬಿಯ ಕಡೆ ತಿರುಗಿದೆ.

"ಅಕ್ಕಾ, ತಪ್ಪು ಖಾಜಾಂದಲ್ಲ" ಅಂದೆ. "ನಂದು. ಖಾಲಿ ಗಾಡಿ ಅಳದು ಉದ್ದ ಮೊಳಿ ಹೊಡದೀನಿ. ತುಂಬಿದ ಮ್ಯಾಲ ಏನಾಗತೈತಿ ಅಂತ ನೋಡಲಿಲ್ಲ. ನೀವು ಕೇಳಿದ್ರಿ, ನಾನು ಕೇಳಸಿಕೊಳ್ಳಲಿಲ್ಲ. ನಿಮ್ಮನ್ನೆಲ್ಲ ಮಣ್ಣಾಗ ಹಾಕತಿದ್ದೆ."

ಖಾಜಾ ನೆಲ ನೋಡಿದ. ಹುಸೇನಬಿ ತಾಟಿನ ಮೇಲೆ ವಸ್ತ್ರ ಮತ್ತೆ ಸರಿಯಾಗಿ ಮುಚ್ಚಿದರು.

"ಗೊತ್ತೈತಿ ಮಾಸ್ತರ" ಅಂದರು. "ಮೊಳಿ ಯಾರು ಹೊಡದ್ರು ಅಂತ ನನಗ ಗೊತ್ತಿಲ್ಲೇನು? ಎದುರಿಗೇ ಕುಂತಿದ್ನೆಲ್ಲ. ನೀವಾಗಿ ಹೇಳ್ತೀರೋ ಇಲ್ಲೋ ಅಂತ ನೋಡಾಕತ್ತಿದ್ದೆ."

ನನ್ನ ಸೇವೆಯಲ್ಲಿ ಎಷ್ಟೋ ಇಲಾಖಾ ತಪಾಸಣೆ ನೋಡಿದ್ದೇನೆ. ಯಾವ ಅಧಿಕಾರಿಯ ಮುಂದೆಯೂ ಇಷ್ಟು ಚಿಕ್ಕವನಾಗಿ ನಿಂತಿರಲಿಲ್ಲ.

ಖಾಜಾನ ಸಲಕರಣೆ ಪೆಟ್ಟಿಗೆ ತೆಗೆದು ಆರೂ ಸ್ಕ್ರೂ ಬಿಚ್ಚಿದೆ, ಪಟ್ಟಿ ಕಳಚಿ ಗಾಡಿಯೊಳಗೆ ಮಲಗಿಸಿದೆ. ಇಬ್ಬರೂ ಸೇರಿ ಸ್ಟೆಪ್ನಿ ಹಾಕಿದೆವು. ಲಿಂಗಸುಗೂರಿಗೆ ಹೊರಟಿದ್ದ ಬಸ್ಸೊಂದಕ್ಕೆ ಕೈ ಮಾಡಿ, ಹೆಂಗಸರನ್ನೂ ತಾಟುಗಳನ್ನೂ ಒಟ್ಟಿಗೇ ಹತ್ತಿಸಿದೆ. ಪದ್ಧತಿ ಕೆಡಲಿಲ್ಲ. ಅಕ್ಕಿ ಚೀಲ ಮಾತ್ರ ಪಿಕಪ್ಪಿನಲ್ಲಿ ಬಂದವು. ಮಂಗ್ನಿ ಒಂದು ಗಂಟೆ ತಡವಾಗಿ ಸುಸೂತ್ರ ಮುಗಿಯಿತಂತೆ. ಗಾಡಿಯ ಒಂದು ಬದಿಗೆ ಟ್ರಿಮ್ ಇಲ್ಲ ಅಂತ ಬೀಗರು ಯಾರೂ ಗಮನಿಸಲೂ ಇಲ್ಲವಂತೆ.

ಆ ಟೈರನ್ನು ನಾನೇ ಕೇಳಿ ತಂದೆ. ಮರುದಿನ ತರಗತಿಯ ಮೇಜಿನ ಮೇಲಿಟ್ಟು, ಅದು ಯಾರ ಕೆಲಸ ಅಂತ ಹುಡುಗರಿಗೆ ಹೇಳಿದೆ. ಮೊದಲು ನಕ್ಕರು, ತಮಾಷೆ ಅಂದುಕೊಂಡರು. ದಾರ ಹೊರಬಂದ ಆ ಗೆರೆಯ ಮೇಲೆ ಒಬ್ಬೊಬ್ಬರೂ ಬೆರಳು ಇಟ್ಟು ನೋಡಿದ ಮೇಲೆ ಯಾರೂ ನಗಲಿಲ್ಲ. ಬೋರ್ಡಿನ ಮೂಲೆಯ ಬರಹಕ್ಕೆ ಒಂದು ಪದ ಸೇರಿಸಿದೆ: ಮೊದಲು ತುಂಬಿಸಿ ಅಳೆ, ಆಮೇಲೆ ಮುಟ್ಟು. ನಿಂತ ಗಾಡಿ, ಖಾಲಿ ಗಾಡಿ, ನೆರಳಿನಲ್ಲಿ ತೊಳೆದಿಟ್ಟ ಗಾಡಿ ನಮಗೆ ಹೇಳುವುದು ಅರ್ಧ ಸತ್ಯ. ಅದು ದುಡಿಯುವಾಗ ಹೇಗಿರುತ್ತದೆ ಅನ್ನುವುದನ್ನು ಅದರ ಮೇಲೆ ಕೂತು ಹೋಗುವವರನ್ನು ಕೇಳಬೇಕು. ಇಷ್ಟು ಕಲಿಯಲು ನನಗೆ ಇಪ್ಪತ್ತೊಂಬತ್ತು ವರ್ಷ ಮತ್ತು ಆರು ಸ್ಕ್ರೂ ಬೇಕಾದವು.

ತಿಂಗಳಾದ ಮೇಲೆ ಮದುವೆ. ಅದಕ್ಕೆ ಎರಡು ದಿನ ಮುಂಚೆ ರಾಯಚೂರಿನಿಂದ ಅಸಲಿ ಕ್ಲಿಪ್ಪು ತರಿಸಿಕೊಂಡು ಖಾಜಾ ಮತ್ತೆ ನನ್ನ ಮನೆ ಮುಂದೆಯೇ ಗಾಡಿ ನಿಲ್ಲಿಸಿದ. ಬೇರೆ ಮೆಕ್ಯಾನಿಕ್ ಹತ್ತಿರ ಹೋಗು ಅಂದೆ. "ಅಮ್ಮಾ ಒಪ್ಪವಲ್ಲಳ್ರಿ ಸರ" ಅಂದ. ಅಷ್ಟರಲ್ಲಿ ಗಲ್ಲಿಯ ತಿರುವಿನಿಂದ ಹುಸೇನಬಿ ಬಂದರು, ಹಿಂದೆ ಹತ್ತು ಮಂದಿ ಹೆಂಗಸರು. ಯಾರೂ ಎಲ್ಲಿಗೂ ಹೊರಟವರಲ್ಲ. ಮದುವೆಗೆ ಬಾಡಿಗೆ ಬಸ್ಸು ಗೊತ್ತಾಗಿತ್ತು. ಆದರೂ ಹನ್ನೊಂದು ಮಂದಿಯೂ ನಗುತ್ತ, ಒಬ್ಬರನ್ನೊಬ್ಬರು ಎಳೆದುಕೊಳ್ಳುತ್ತ ನಿಂತ ಗಾಡಿಯ ಮೇಲೆ ಹತ್ತಿ ಕೂತರು. ಗಾಡಿ ಕಿರ್ರೆಂದು ಕೆಳಗಿಳಿಯಿತು.

"ಈಗ ಇಡ್ರಿ ಮಾಸ್ತರ, ನಿಮ್ಮ ಬೆರಳು" ಅಂದರು ಹುಸೇನಬಿ ಮೇಲಿನಿಂದ.

ಮಂಡಿಯೂರಿ, ಗೂಡಿನೊಳಗೆ ಆವತ್ತು ಮೊನೆಗಳಿದ್ದ ಜಾಗಕ್ಕೂ ಟೈರಿಗೂ ನಡುವೆ ಕೈ ಹಾಕಿದೆ. ನಾಲ್ಕು ಬೆರಳು ಹೋಗಲಿಲ್ಲ. ಎರಡೂ ಹೋಗಲಿಲ್ಲ.

"ಎಷ್ಟು ಹಿಡೀತು?"

"ಒಂದಽ ಬೆರಳಕ್ಕಾ."

"ಬರಕೋರಿ" ಅಂದರು.